ಕೋಥರೂಡದಲ್ಲಿ ಉಡಿ ತುಂಬಿದ ಸಂಜೆ

ಪುಣೆಯ ಪ್ರವಾಸಕ್ಕೆ ನಾನು ಎರಡು ಹಾಳೆ ತಯಾರು ಮಾಡಿದ್ದೆ. ಒಂದು ಸರಕಾರಿ ಹಾಳೆ: ಬೆಳಿಗ್ಗೆ ಕೃಷಿ ಯಂತ್ರಗಳ ಪ್ರದರ್ಶನ, ಮಧ್ಯಾಹ್ನ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿಗಳ ಸಭೆ. ಇನ್ನೊಂದು ಪಕ್ಷದ ಹಾಳೆ. ಅದರಲ್ಲಿ ಸಂಜೆ ಕೋಥರೂಡ ಬಡಾವಣೆಯಲ್ಲಿ ನಿಧಿ ಸಂಗ್ರಹದ ಊಟ, ಮರುದಿನ ಕರಾಡ. ಎರಡನ್ನೂ ಒಂದೇ ಕಾಗದದಲ್ಲಿ ಬರೆಯಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಸರಕಾರಿ ಕಾರು ಮಾರ್ಕೆಟ್ ಯಾರ್ಡಿನ ಗೇಟಿಗೇ ನಿಲ್ಲಬೇಕು. ಅಲ್ಲಿಂದ ಮುಂದೆ ಪಕ್ಷ ಬಾಡಿಗೆಗೆ ಹಿಡಿದ ಕಾರು. ಡೀಸೆಲ್ ಚೀಟಿ ಬೇರೆ, ಚಾಲಕನ ಊಟದ ಖರ್ಚು ಬೇರೆ. ಮಡಿ ಮೈಲಿಗೆ ನೋಡುವ ಮುದುಕಿಯರು ಕೂಡ ಈ ವಿಷಯದಲ್ಲಿ ನನ್ನ ಮುಂದೆ ಸಡಿಲ.

ನಾನು ಸಹಾಯಕನಾಗಿದ್ದದ್ದು ಬೆಳಗಾವಿ ಜಿಲ್ಲೆಯ ಒಬ್ಬ ಶಾಸಕಿಗೆ. ಕೃಷಿಗೆ ಸಂಬಂಧಪಟ್ಟ ನಿಗಮವೊಂದರ ಅಧ್ಯಕ್ಷೆಯೂ ಹೌದು. ಊರವರು, ಅಧಿಕಾರಿಗಳು, ವಿರೋಧ ಪಕ್ಷದವರು ಸಹ ಅವರನ್ನು ಅಕ್ಕಾವರು ಎಂದೇ ಕರೆಯುತ್ತಿದ್ದರು. ಜಿಲ್ಲಾ ಪಂಚಾಯಿತಿ ಚುನಾವಣೆ ಹತ್ತಿರ ಬಂದಿತ್ತು. ಟಿಕೆಟ್ ಕೇಳಿದ್ದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಬ್ಯಾನರ್ ಕಟ್ಟಿಸುವ ತ್ರಾಣವೂ ಇರಲಿಲ್ಲ. ಅಕ್ಕಾವರು ಪಕ್ಷದ ಸಭೆಯಲ್ಲಿ ಜಗಳ ಆಡಿ ಒಂದು ಮಾತು ಪಡೆದಿದ್ದರು. ಮಹಾರಾಷ್ಟ್ರದ ಕನ್ನಡಿಗರಿಂದ ತಾವು ತಂದ ನಿಧಿ ಪೂರ್ತಿ ತಮ್ಮ ಜಿಲ್ಲೆಯ ಮಹಿಳಾ ಅಭ್ಯರ್ಥಿಗಳಿಗೆ ಹೋಗಬೇಕು.

ಪಕ್ಷದ ಖಜಾಂಚಿ ಬೆಂಗಳೂರಿನವರು. ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಮೊದಲ ಊರು ಪುಣೆ. ಅಲ್ಲಿ ಕೈ ಬರಿದಾದರೆ ಕರಾಡ, ಇಚಲಕರಂಜಿಗೆ ಬೇರೆ ನಾಯಕರು ಹೋಗುತ್ತಾರೆ, ಆ ಹಣ ಪಕ್ಷದ ಸಾಮಾನ್ಯ ಖಾತೆಗೆ ಸೇರುತ್ತದೆ. ಸಾಮಾನ್ಯ ಖಾತೆ ಎಂದರೆ ಏನೆಂದು ನಮಗೆಲ್ಲ ಗೊತ್ತಿತ್ತು. ಅದರಿಂದ ಹೆಣ್ಣುಮಕ್ಕಳ ಬ್ಯಾನರು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಷರತ್ತು ಸರಿಯಾಗಿ ಪಾಲನೆಯಾಗುತ್ತದೋ ನೋಡಲು ಖಜಾಂಚಿಯವರೇ ರಸೀದಿ ಪುಸ್ತಕ ಹಿಡಿದು ನಮ್ಮ ಜೊತೆ ಹೊರಟಿದ್ದರು. ಮೊದಲ ಊರಾಗಿ ಪುಣೆಯ ಹೆಸರು ಹೇಳಿದವನು ನಾನು. ನನ್ನಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು, ಆ ಜನ ನನ್ನನ್ನು ಚಡ್ಡಿಯಲ್ಲಿ ಕಂಡವರು. ಕೊಡುತ್ತಾರೆ ಎಂದು ಎದೆ ತಟ್ಟಿ ಹೇಳಿಬಿಟ್ಟಿದ್ದೆ.

ಎರಡು ಹಾಳೆಯಲ್ಲೂ ಬರೆಯದ ಇನ್ನೊಂದು ಕೆಲಸ ನನಗಿತ್ತು. ಪ್ರತಿ ಊರಿಗೂ ಮುಂಚಿತವಾಗಿ ಒಂದು ಫೋನು. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳ ಉಡಿ ತುಂಬಿ ಕಳಿಸುತ್ತಾರೆ. ಸೆರಗು ಒಡ್ಡಿಸಿ ಅದರಲ್ಲಿ ಅಕ್ಕಿ, ಕುಬುಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ಹಾಕುವುದು. ಆದರೆ ಅದು ಮುತ್ತೈದೆಯರಿಗೆ. ಅಕ್ಕಾವರ ಯಜಮಾನರು ಅವರು ರಾಜಕೀಯಕ್ಕೆ ಬರುವ ಮೊದಲೇ ತೀರಿಕೊಂಡಿದ್ದರು. ಬಳೆ, ಬಿಂದಿ ಅವರು ಬಿಟ್ಟಿರಲಿಲ್ಲ, ಹಾಗಾಗಿ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಒಂದೂರಿನ ಸಮಾರಂಭದಲ್ಲಿ ಉಡಿಯ ತಾಟು ಅವರ ಮುಂದೆ ಬಂತು. ಅವರು ಸೆರಗು ಒಡ್ಡಿಯೂ ಆಗಿತ್ತು. ಅಷ್ಟರಲ್ಲಿ ಯಾರೋ ಯಾರದೋ ಕಿವಿಯಲ್ಲಿ ಏನೋ ಅಂದರು, ತಾಟು ಹಿಂದಕ್ಕೆ ಹೋಯಿತು. ಅಕ್ಕಾವರು ನಗುತ್ತಲೇ ಸೆರಗು ಸರಿಮಾಡಿಕೊಂಡು ಭಾಷಣಕ್ಕೆ ಎದ್ದರು. ವಾಪಸು ಬರುವಾಗ ಕಾರಿನಲ್ಲಿ ಒಂದೇ ಮಾತು ಹೇಳಿದರು: “ಇನ್ಮ್ಯಾಲೆ ಮೊದಲ ಫೋನ್ ಮಾಡಿ ಉಡಿ ಬ್ಯಾಡ ಅಂತ ಹೇಳಿಬಿಡು ತಮ್ಮಾ. ಕಾರಣ ಮಾತ್ರ ಹೇಳಬ್ಯಾಡ.”

ಅಂದಿನಿಂದ ನನ್ನ ಫೋನು ತಪ್ಪಿರಲಿಲ್ಲ. ಪುಣೆಗೂ ಮಾಡಿದ್ದೆ. ಕೋಥರೂಡದ ಊಟದ ವ್ಯವಸ್ಥೆ ಬೆಲ್ಲದ ಅಡತಿ ವ್ಯಾಪಾರದ ಅಂಗಡಿ ಇಟ್ಟ, ನಾನು ಕಾಕಾ ಎನ್ನುವ ಹಿರಿಯರದು. ನನ್ನಪ್ಪ ದುಡಿದದ್ದು ಅವರ ಅಂಗಡಿಯಲ್ಲೇ. ಸಮಯ ಕಡಿಮೆ, ಉಡಿ ಗಿಡಿ ಏನೂ ಬೇಡ, ಒಂದು ಶಾಲು ಸಾಕು ಎಂದೆ. ಕಾಕಾ ಹೂಂ ಎಂದರು.

ಬೆಳಗಿನ ಪ್ರದರ್ಶನ ಊರ ಹೊರಗಿನ ಬಯಲಿನಲ್ಲಿತ್ತು. ಗೇಟಿನಲ್ಲೇ ಅಕ್ಕಾವರಿಗೆ ಕೇಸರಿ ಫೇಟಾ ಸುತ್ತಿದರು. ಅವರ ತುರುಬು ದೊಡ್ಡದು, ಫೇಟಾ ಅದರ ಮೇಲೆ ಕುಳಿತು ಹಿಂದೆ ಜಾರುತ್ತಿತ್ತು. ನಾನು ಹಿಂದಿನಿಂದ ಬೆರಳು ಕೊಟ್ಟು ಹಿಡಿದುಕೊಂಡೇ ನಡೆದೆ. ಫೋಟೋಗಳಲ್ಲೆಲ್ಲ ನನ್ನ ಬೆರಳೊಂದು ಬಂದಿದೆ. ಟೇಪು ಕತ್ತರಿಸಿ, ದೀಪ ಹಚ್ಚಿ, ನಾಲ್ಕು ಮಳಿಗೆ ನೋಡಿ ಹೊರಡುವುದು ನನ್ನ ಲೆಕ್ಕ. ಆದರೆ ಕಬ್ಬು ಕಟಾವು ಮಾಡುವ ಯಂತ್ರದ ಮುಂದೆ ಅಕ್ಕಾವರು ನಿಂತುಬಿಟ್ಟರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತಿ ಚಾಲಕನ ಸೀಟಿನಲ್ಲಿ ಕುಳಿತೇಬಿಟ್ಟರು. ಕಂಪನಿಯ ಎಂಜಿನಿಯರ್ ಮರಾಠಿಯಲ್ಲಿ ಗುಂಡಿಗಳನ್ನು ಪರಿಚಯಿಸುತ್ತಿದ್ದ. ಇವರು ಮರಾಠಿಯಲ್ಲೇ ತಿರುಗಿ ಕೇಳಿದರು, ಇದು ಹೊಲಕ್ಕೆ ಬಂದರೆ ಕಬ್ಬು ಕಡಿದು ಹೊರೆ ಕಟ್ಟುವ ಹೆಂಗಸರು ಎಲ್ಲಿಗೆ ಹೋಗಬೇಕು ಎಂದು.

ಅವನು ತಡವರಿಸಿದ. ಅಕ್ಕಾವರು ಬಿಡಲಿಲ್ಲ. ಇದನ್ನು ಓಡಿಸುವುದನ್ನು ಆ ಹೆಂಗಸರಿಗೇ ಯಾಕೆ ಕಲಿಸಬಾರದು, ನಾನೀಗ ಕುಳಿತಿಲ್ಲವೇ ಎಂದು ಕೇಳಿ ಯಂತ್ರವನ್ನು ಚಾಲೂ ಮಾಡಿಸಿ ಹತ್ತು ಮಾರು ಓಡಿಸಿಯೂ ಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಫೇಟಾ ಕೆಳಗೆ ಬಿತ್ತು. ಕಂಪನಿಯ ಮಾಲೀಕರು ಬಂದು, ನಿಮ್ಮ ತಾಲೂಕಿನಲ್ಲಿ ಮಹಿಳೆಯರಿಗೆ ತರಬೇತಿ ಶಿಬಿರ ಮಾಡೋಣ ಎಂದು ಎಲ್ಲರ ಮುಂದೆ ಒಪ್ಪಿಕೊಳ್ಳುವ ತನಕ ಅವರು ಕೆಳಗಿಳಿಯಲಿಲ್ಲ. ನನ್ನ ಸರಕಾರಿ ಹಾಳೆ ಅಲ್ಲಿಗೇ ಮಣ್ಣುಪಾಲಾಯಿತು, ಆದರೂ ಆ ಹೊತ್ತು ನನಗೆ ಖುಷಿಯೇ ಆಗಿತ್ತು. ಖಜಾಂಚಿಯವರು ಮಾತ್ರ ವಾಚು ನೋಡಿಕೊಂಡು, “ಇದಕ್ಕೆಲ್ಲ ಟೈಮ್ ಇದೆ, ನೋಡಿ,” ಎಂದರು.

ಮಾರ್ಕೆಟ್ ಯಾರ್ಡು ತಲುಪುವಷ್ಟರಲ್ಲಿ ಬೆಲ್ಲದ ವ್ಯಾಪಾರಿಗಳು ಕಾದು ಕಾದು ಒಂದು ಸುತ್ತು ಚಹಾ ಮುಗಿಸಿದ್ದರು. ಅಲ್ಲಿಯೂ ಅಕ್ಕಾವರು ಗೆದ್ದರು. ಹೊಸ ಬೆಲ್ಲದ ಸಾಲಿನಲ್ಲಿ ಒಂದು ಪೆಂಟೆ ಮುರಿದು ಬಾಯಿಗೆ ಹಾಕಿಕೊಂಡು, ಪಾಕಕ್ಕೆ ಹಾಕುವ ಸುಣ್ಣ ಒಂದು ಕೈ ಹೆಚ್ಚಾಗಿದೆ ಎಂದು ಅದನ್ನು ಕಳಿಸಿದ ಗಾಣದವರ ಮೇಲೆ ಹುಸಿಮುನಿಸು ಮಾಡಿದರು. ಹಮಾಲರೆಲ್ಲ ನಕ್ಕರು. ಕಲಬುರಗಿ ಕಡೆಯ ಇಬ್ಬರು ಹಮಾಲರು ಬಂದು ಊರ ರಸ್ತೆಯ ಬಗ್ಗೆ ದೂರು ಹೇಳಿಕೊಂಡರು, ಅದು ಅಕ್ಕಾವರ ಕ್ಷೇತ್ರವಲ್ಲದಿದ್ದರೂ ನಾನು ಬರೆದುಕೊಂಡೆ.

ಆದರೆ ಒಂದು ವಿಷಯ ನನಗೆ ಹಿಡಿಸಲಿಲ್ಲ. ಶಾಲು ಹಾಕಿದರು, ತೆಂಗಿನಕಾಯಿ ಕೊಟ್ಟರು, ಸಂಜೆಯ ಮಾತು ತೆಗೆದರೆ ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು. ನೋಡೋಣ, ಬರೋಣ, ಮನೆಯಲ್ಲಿ ಕೇಳೋಣ. ತಿಂಗಳ ಹಿಂದೆ ಫೋನಿನಲ್ಲಿ ಇವರೇ ನನಗೆ ಧೈರ್ಯ ಹೇಳಿದವರು. ಕಾಕಾ ಕೂಡ ನನ್ನ ಕಣ್ಣು ತಪ್ಪಿಸಿ ತಕ್ಕಡಿಯ ಕಡೆ ನೋಡುತ್ತಿದ್ದರು. ಗೇಟಿನಲ್ಲಿ ಕಾರು ಬದಲಿಸುವಾಗ ಖಜಾಂಚಿಯವರು, ಪುಣೆ ನಿಮ್ಮ ಊರು ಅಂದ್ರಲ್ಲ, ಎಂದು ನಕ್ಕರು. 

ಕೋಥರೂಡದ ವಸತಿ ಸೊಸೈಟಿಯ ಸಭಾ ಹಾಲಿನಲ್ಲಿ ಊಟ. ಕಾಕಾನ ಮನೆ ಅದೇ ಕಟ್ಟಡದ ಕೆಳಮಹಡಿಯಲ್ಲಿ, ಹಾಲಿಗೆ ಅಂಟಿಕೊಂಡೇ ಇತ್ತು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ. ಗಂಡಸರು ಕುರ್ಚಿ ತುಂಬ ಕುಳಿತಿದ್ದರು. ಹೆಂಗಸರು ಒಬ್ಬರೂ ಇಲ್ಲ. ಬಡಿಸಲು ಕೂಡ ಬಾಡಿಗೆಯ ಹುಡುಗರು ಬಂದಿದ್ದರು. ಇದು ಇಲ್ಲಿಯ ರೀತಿ ಅಲ್ಲ. ಇವರ ಮನೆಗಳ ಹೆಂಗಸರದೊಂದು ಮಹಿಳಾ ಮಂಡಳವಿದೆ, ಅದರವರು ಮನೆಗೆ ಬಂದ ಅತಿಥಿಗೆ ಕೈಯಾರೆ ಬಡಿಸಿ ಏಳಲಾರದ ಹಾಗೆ ಮಾಡುವವರು.

ಅಕ್ಕಾವರು ಊಟಕ್ಕೆ ಮೊದಲು ಎದ್ದು ಮಾತಾಡಿದರು. ತಮ್ಮ ಅಭ್ಯರ್ಥಿಗಳಲ್ಲಿ ಒಬ್ಬಳು ಹಾಲಿನ ಡೇರಿಯ ಕೆಲಸದವಳು, ಒಬ್ಬಳು ಅಂಗನವಾಡಿಯ ಕೆಲಸ ಬಿಟ್ಟು ಬಂದವಳು, ಇವರಿಗೆ ಊರೂರು ತಿರುಗಲು ಒಂದು ಗಾಡಿ ಬೇಕು, ಅಷ್ಟೇ ಎಂದರು. ಕೊಡುವುದೆಲ್ಲ ಚೆಕ್ಕಿನಲ್ಲಿ ಕೊಡಿ, ರಸೀದಿ ಇಲ್ಲೇ ತಗೊಳ್ಳಿ ಎಂದರು. ಚಪ್ಪಾಳೆ ಆಯಿತು. ಯಾರ ಕೈಯೂ ಜೇಬಿಗೆ ಹೋಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರು ಎದ್ದು ಪಾರ್ಕಿಂಗಿನಲ್ಲಿ ತಮ್ಮ ಗಾಡಿ ಯಾರಿಗಾದರೂ ಅಡ್ಡ ಆಗಿದೆಯೇ ನೋಡಿ ಬರುತ್ತೇನೆ ಎಂದು ಹೊರಟರು. ಖಜಾಂಚಿಯವರು ತೆರೆದಿಟ್ಟಿದ್ದ ಪೆನ್ನಿನ ಕ್ಯಾಪು ಹಾಕಿದರು.

ಅಕ್ಕಾವರ ಗಂಟಲು ಒಡೆದಿತ್ತು. ಅವರಿಗೆ ಮಜ್ಜಿಗೆ ತರೋಣವೆಂದು ನಾನು ಕಾಕಾನ ಮನೆಯ ಅಡುಗೆಮನೆಗೆ ಹೋದೆ. ಅಲ್ಲಿ ಇಡೀ ಮಹಿಳಾ ಮಂಡಳ ಇತ್ತು. ಇಳಕಲ್ ಸೀರೆ, ಮಲ್ಲಿಗೆ ದಂಡೆ, ಎಲ್ಲ ಉಟ್ಟು ತೊಟ್ಟು ತಯಾರಾಗಿ ಬಾಯಿ ಬಿಗಿದು ಕುಳಿತಿದ್ದರು. ಕಟ್ಟೆಯ ಮೇಲೆ ದೊಡ್ಡ ತಾಟು. ಅದರಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಮೇಲೆ ಗುಳೇದಗುಡ್ಡದ ಹಸಿರು ಖಣ. ತಾಟಿನ ಮೇಲೆ ಒಂದು ಪತ್ರಿಕೆ ಮುಚ್ಚಿದ್ದರು.

ನಾನು ಮಜ್ಜಿಗೆ ಕೇಳಿದೆ. ಕಾಕಾನ ಹೆಂಡತಿ, ನಾನು ಕಾಕೂ ಎನ್ನುವವರು, ನನ್ನ ಮುಖ ನೋಡದೆ ಹೇಳಿದರು: “ನಿಮ್ಮ ಅಕ್ಕಾರಿಗೆ ನಮ್ಮ ಉಡಿ ಬ್ಯಾಡ ಅಂತಲ್ಲ. ಮಜ್ಜಿಗಿ ಹೆಂಗ ನಡೀತದಪಾ?”

ಆಗ ನನಗೆ ಎಲ್ಲ ಅರ್ಥವಾಯಿತು. ಇವರು ಉಡಿಗೆ ಎಲ್ಲ ಹೊಂದಿಸಿಟ್ಟ ಮೇಲೆ ಕಾಕಾ ನನ್ನ ಮಾತನ್ನು ಇದ್ದಂತೆ ಒಪ್ಪಿಸಿದ್ದರು, ಸಮಯ ಇಲ್ಲವಂತೆ, ಉಡಿ ಗಿಡಿ ಬೇಡವಂತೆ. ದೊಡ್ಡವರಾದ ಮೇಲೆ ನಮ್ಮ ಅಕ್ಕಿ ಕೊಬ್ಬರಿ ಇವರಿಗೆ ಹಗುರ ಕಂಡಿತು ಎಂದು ಇವರು ತಿಳಿದುಕೊಂಡಿದ್ದರು. ಹೊರಗೆ ಚೆಕ್ಕಿಗೆ ಸಹಿ ಮಾಡುವವರು ಗಂಡಸರು, ನಿಜ. ಆದರೆ ಸಹಿ ಮಾಡಿಸುವವರು ಇಲ್ಲಿ ಒಲೆಯ ಮುಂದೆ ಕುಳಿತಿದ್ದರು.

ನನಗೆ ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಾರಣ ಹೇಳಬೇಡ ಎಂದು ಅಕ್ಕಾವರ ಅಪ್ಪಣೆ. ಹೇಳದಿದ್ದರೆ ಅವರ ಹುಡುಗಿಯರಿಗೆ ಗಾಡಿ ಇಲ್ಲ. ಹೇಳಿದರೆ, ಆ ಊರಿನಲ್ಲಿ ಆದದ್ದೇ ಇಲ್ಲಿ ಆದರೆ? ಇವರೆಲ್ಲ ಒಮ್ಮೆ ಅಯ್ಯೋ ಪಾಪ ಎಂದು, ತಾಟು ಎತ್ತಿ ಒಳಗಿಟ್ಟರೆ? ಅದರ ಮೇಲೆ ಬರುವ ಚೆಕ್ಕುಗಳನ್ನು ಅಕ್ಕಾವರು ಮುಟ್ಟಲಿಕ್ಕಿಲ್ಲ, ನನ್ನ ಮುಖವನ್ನೂ ನೋಡಲಿಕ್ಕಿಲ್ಲ. ಕೈಯಲ್ಲಿದ್ದ ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟೆ. ಆಮೇಲೆ ಹೇಳಿಬಿಟ್ಟೆ. ಅಕ್ಕಾವರ ಯಜಮಾನರು ಇಲ್ಲ ಎಂಬುದು, ಆ ಊರಿನ ತಾಟು ಹಿಂದಕ್ಕೆ ಹೋದದ್ದು, ನಾನು ಮಾಡುವ ಫೋನು, ಎಲ್ಲವನ್ನೂ.

 ಕಾಕೂ ಸೆರಗಿನಿಂದ ಬಾಯಿ ಒತ್ತಿಕೊಂಡರು. ಮೂಲೆಯಲ್ಲಿ ಕಾಕಾನ ತಾಯಿ ಕುಳಿತಿದ್ದರು, ನಾವೆಲ್ಲ ಆಯಿ ಎನ್ನುವ ಮುದುಕಿ. ಅವರಿಗೂ ಗಂಡ ಹೋಗಿ ಎಷ್ಟೋ ಕಾಲವಾಗಿತ್ತು. ಅವರು ನೆಲಕ್ಕೆ ಕೈಯೂರಿ ಎದ್ದರು.

“ಉಡಿ ತುಂಬೂದು ತವರಮನಿ ಕೆಲಸ,” ಎಂದರು. “ಗಂಡ ಸತ್ತರ ತವರೂ ಸಾಯತದೇನು?”

ಕಾಕೂ ಒಂದು ಗಳಿಗೆ ಅತ್ತೆಯನ್ನು ನೋಡಿದರು. ಮರುಗಳಿಗೆ ಪತ್ರಿಕೆ ಕಿತ್ತೆಸೆದು ತಾಟು ಎತ್ತಿಕೊಂಡರು. ಅಕ್ಕಾವರನ್ನು ಒಳಗೆ ಕರೆದು ತರಲೇ ಎಂದು ನಾನು ಕೇಳಿದ್ದಕ್ಕೆ ಆಯಿ ನನ್ನನ್ನು ಗದರಿದರು. ಒಳಗೆ ಯಾಕೆ, ಕಳ್ಳತನ ಮಾಡುತ್ತಿದ್ದೇವೆಯೇ, ನಾಲ್ಕು ಜನರ ಮುಂದೆ ಹೊರಗೇ ತುಂಬುತ್ತೇವೆ, ನೀನು ಮಣೆ ಹಿಡಿದು ನಡೆ ಎಂದರು. ನಾನು ಮಣೆ ಹಿಡಿದು ಓಡಿದೆ.

ಮಣೆ ಹಾಕುವ ಮೊದಲು ಅಕ್ಕಾವರ ಕಿವಿಯಲ್ಲಿ ಹೇಳಿದೆ, ಉಡಿ ತುಂಬಲು ಬರುತ್ತಿದ್ದಾರೆ ಎಂದು. ಅವರ ನಗು ನಿಂತಿತು.

“ಕಾರಣ ಹೇಳಿದಿಯೇನು?”

“ಎಲ್ಲಾ ಹೇಳೀನ್ರಿ.”

ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಆ ಮಣೆಯ ಕೆಳಗೇ ಹೋಗಿಬಿಡುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಇಳಕಲ್ ಸೀರೆಗಳ ಸಾಲು ಕಾಣಿಸಿತು. ಮುಂದೆ ಆಯಿ, ಕೈಯಲ್ಲಿ ತಾಟು. ಭಾರ ತಡೆಯಲಾರದೆ ನಡುಗುತ್ತಿದ್ದ ತಾಟಿಗೆ ಕಾಕೂ ಕೆಳಗಿನಿಂದ ಕೈ ಕೊಟ್ಟಿದ್ದರು. ಗಂಡಸರು ತಾವಾಗಿಯೇ ಕುರ್ಚಿ ಸರಿಸಿ ದಾರಿ ಮಾಡಿದರು.

ಅಕ್ಕಾವರು ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದರು. ಬೆಳಿಗ್ಗೆ ಅಷ್ಟು ದೊಡ್ಡ ಯಂತ್ರ ಓಡಿಸಿದ ಕೈ ಈಗ ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಆಯಿ ಮೊದಲ ಹಿಡಿ ಅಕ್ಕಿ ಹಾಕಿದರು. ಹಣೆಗೆ ಕುಂಕುಮ ಹಚ್ಚಲೇ ಎಂದು ಕೇಳಲಿಲ್ಲ, ಹಚ್ಚಿದರು. ಅಕ್ಕಾವರು ತಲೆ ತಗ್ಗಿಸಿದ್ದರು, ಅಕ್ಕಿಯ ಮೇಲೆ ಎರಡು ಹನಿ ಬಿದ್ದದ್ದನ್ನು ನಾನು ಕಂಡೆ. ನನ್ನ ಕಣ್ಣೂ ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

ಎರಡನೆಯವರು ಕಾಕೂ. ಖಣ ಇಟ್ಟು, ಕೊಬ್ಬರಿ ಇಟ್ಟು, ಗಂಡನ ಕಡೆ ತಿರುಗಿದರು. “ಬರೇ ಅಕ್ಕಿಲೆ ಚುನಾವಣಿ ಗೆಲ್ಲಂಗಿಲ್ಲ. ಚೆಕ್ ಬುಕ್ ತಗೊಂಡ ಬರ್ರಿ.”

ಕಾಕಾ ಚೆಕ್ ಪುಸ್ತಕವನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಅಲ್ಲಿಯ ತನಕ ಅದು ಅವರನ್ನು ಎಷ್ಟು ಚುಚ್ಚಿತ್ತೋ, ಅಷ್ಟು ಬೇಗ ಹೊರಬಂತು. ಆಮೇಲೆ ನೋಡಬೇಕಿತ್ತು. ಇಡೀ ಹಾಲಿನಲ್ಲಿ ಗಂಡಸರು ಮೊಣಕಾಲ ಮೇಲೆ, ಗೋಡೆಗೆ ಹಿಡಿದು, ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಚೆಕ್ ಬರೆಯುತ್ತಿದ್ದರು. ಗಾಡಿ ನೋಡಲು ಹೋದವರು ವಾಪಸು ಬಂದು, ಏನಾಯಿತು ಏನಾಯಿತು ಎಂದು ಕೇಳುತ್ತ ತಾವೂ ಬರೆದರು. ಒಬ್ಬೊಬ್ಬ ಹೆಣ್ಣುಮಗಳೂ ಗಂಡನ ಚೆಕ್ಕನ್ನು ಮಡಚಿ ಉತ್ತತ್ತಿಯ ಜೊತೆ ಉಡಿಗೆ ಹಾಕಿ, ಮೇಲೆ ಒಂದು ಹಿಡಿ ಅಕ್ಕಿ ಸುರಿದಳು.

ಖಜಾಂಚಿಯವರು ಇಂಥ ನಿಧಿ ಸಂಗ್ರಹವನ್ನು ಜನ್ಮದಲ್ಲಿ ಕಂಡಿರಲಿಲ್ಲ. ಹೆಸರು ಕೇಳಿ ಕೇಳಿ ರಸೀದಿ ಬರೆಯಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟರು. ಅವರ ರಸೀದಿಗಳ ಮೇಲೆಲ್ಲ ಅರಿಶಿನದ ಬೆರಳು. ಕೊನೆಗೆ ಪದ್ಧತಿಯಂತೆ ಅಕ್ಕಾವರು ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ತಾಟಿಗೆ ತಿರುಗಿ ಹಾಕಿದರು. ತವರು ಬರಿದಾಗಬಾರದು ಎಂದು ಹಾಗೆ ಮಾಡುತ್ತಾರೆ. ಆ ಹಿಡಿಯಲ್ಲಿ ಅಕ್ಕಿಯ ಜೊತೆ ಕಾಕಾನ ಚೆಕ್ಕೂ ಹೊರಟಿತ್ತು. ಖಜಾಂಚಿಯವರು ಕುಳಿತಲ್ಲಿಂದಲೇ ಕೈ ಚಾಚಿ ಅದನ್ನು ಗಾಳಿಯಲ್ಲೇ ಹಿಡಿದರು. ಸೇರಿದವರೆಲ್ಲ ನಕ್ಕರು. ಆಯಿಗಂತೂ ನಕ್ಕು ನಕ್ಕು ಕೆಮ್ಮು ಹತ್ತಿತು. ಆಮೇಲೆ ಬಾಡಿಗೆಯ ಹುಡುಗರನ್ನು ಪಕ್ಕಕ್ಕೆ ಸರಿಸಿ ಮಹಿಳಾ ಮಂಡಳದವರೇ ಬಡಿಸಿದರು, ನಾವು ಏಳಲಾರದ ಹಾಗಾದೆವು.

ಮರುದಿನ ಬೆಳಿಗ್ಗೆ ಕಾತ್ರಜದ ಕಡೆಯಿಂದ ಸಾತಾರಾ ರಸ್ತೆ ಹಿಡಿದೆವು. ತಕರಾರು ಹೊರಡುವ ಮೊದಲೇ ಶುರುವಾಗಿತ್ತು. ಖಜಾಂಚಿಯವರಿಗೆ ಉಡಿಯ ಗಂಟು ಬಿಚ್ಚಿ ಚೆಕ್ಕುಗಳನ್ನು ಬೇರೆ ಮಾಡಬೇಕಿತ್ತು. ಅಕ್ಕಾವರು ಸುತರಾಂ ಒಪ್ಪಲಿಲ್ಲ. ಉಡಿಯನ್ನು ದಾರಿಯಲ್ಲಿ ಬಿಚ್ಚುವಂತಿಲ್ಲ, ಮನೆಗೆ ಒಯ್ದು ದೇವರ ಮುಂದೆ ಬಿಚ್ಚಬೇಕು, ಅಕ್ಕಿಯಿಂದ ಸಿಹಿ ಮಾಡಬೇಕು, ಅದನ್ನು ನೀವೂ ಬಂದು ಉಣ್ಣಬೇಕು ಎಂದರು. ಕೊನೆಗೆ ಖಜಾಂಚಿಯವರು ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತರು. ಉಬ್ಬು ಬಂದಾಗಲೆಲ್ಲ ಚಾಲಕನಿಗೆ ನಿಧಾನ ಎನ್ನುತ್ತಿದ್ದರು.

ಅಕ್ಕಾವರು ನನ್ನ ಜೊತೆ ಇನ್ನೂ ಮಾತಾಡಿರಲಿಲ್ಲ. ಘಾಟು ಶುರುವಾಗುವ ಮೊದಲು ಚಹಾಕ್ಕೆ ನಿಲ್ಲಿಸಿದೆವು. ಕೆಲಸ ಹೋಗುವುದಾದರೆ ಇಲ್ಲೇ ಹೋಗುತ್ತದೆ, ಕಾತ್ರಜದಲ್ಲಿ ಊರಿನ ಬಸ್ಸು ಸಿಗುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅವರು ಲೋಟ ಹಿಡಿದು ನನ್ನ ಪಕ್ಕ ಬಂದು ನಿಂತರು.

“ಅವತ್ತ ಆ ತಾಟ ಹಿಂದಕ್ಕ ಹ್ವಾದಾಗ ನಾ ಅಳಲಿಲ್ಲ ನೋಡು,” ಎಂದರು. “ನಿನ್ನಿ ಅತ್ತಬಿಟ್ಟೆ.”

ಅಷ್ಟೇ. ಹಣೆಯಲ್ಲಿ ಆಯಿ ಹಚ್ಚಿದ ಕುಂಕುಮದ ಬಣ್ಣ ಇನ್ನೂ ಇತ್ತು. ನಾನು ಅವರ ಖಾಲಿ ಲೋಟ ಇಸಿದುಕೊಂಡೆ.

ಕಾರು ಹತ್ತಿದ ಮೇಲೆ ರೂಢಿಯಂತೆ ಕರಾಡದವರಿಗೆ ಫೋನು ಹಚ್ಚಿದೆ. ಅತ್ತ ರಿಂಗಾಗುತ್ತಿತ್ತು. ಏನು ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಖಜಾಂಚಿಯವರು ಹಿಂದಿನಿಂದ, “ಉಡಿಗೆ ಒಂದು ಗಂಟೆ ಟೈಮ್ ಇಡಿ, ಅರ್ಧ ಗಂಟೆ ಸಾಲಲ್ಲ,” ಎಂದರು. ಅತ್ತ ಕರಾಡದ ಮನೆಯ ಯಜಮಾನತಿ ಫೋನು ಎತ್ತಿದರು.

ಅಕ್ಕಾವರು ನನ್ನ ಕೈಯಿಂದ ಫೋನು ತೆಗೆದುಕೊಂಡರು.

“ನಾನರೀ, ಬರಾಕತ್ತೀನಿ,” ಎಂದರು. “ಉಡಿ ತಯಾರ ಇಡ್ರಿ.”